ರೇಟಿಗೆ ಬಂದವರು, ಕಷ್ಟಕ್ಕೆ ಬಂದವರು

1997ರ ಫೆಬ್ರವರಿ 1, ಶನಿವಾರ. ಜಪಾನಿನ ಕರಿಯಾ ಊರಿನಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ನಾಲ್ಕು ಗಂಟೆ ದಾಟಿದ ಹೊತ್ತಿಗೆ ಐಸಿನ್ ಸೇಕಿ ಕಂಪನಿಯ ಒಂದನೇ ನಂಬರ್ ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತು ಗಂಟೆಯೊಳಗೆ ಐದುನೂರಕ್ಕೂ ಹೆಚ್ಚು ಯಂತ್ರಗಳು ಸುಟ್ಟು ಹೋದವು. ಆ ಕಾರ್ಖಾನೆಯಲ್ಲಿ ಮುಖ್ಯವಾಗಿ ತಯಾರಾಗುತ್ತಿದ್ದದ್ದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಪಿ-ವಾಲ್ವ್ ಎಂಬ ಬ್ರೇಕಿನ ಭಾಗ. ಒಂದರ ಬೆಲೆ ಸಾವಿರ ಯೆನ್ ಆಸುಪಾಸು. ಟೊಯೋಟಾ ತನ್ನ ಕಾರುಗಳಿಗೆ ಬೇಕಾದ ಪಿ-ವಾಲ್ವ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಈ ಒಂದೇ ಕಾರ್ಖಾನೆಯಿಂದ ತರಿಸುತ್ತಿತ್ತು. ಅಸೆಂಬ್ಲಿ ಲೈನ್‌ಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದ ದಾಸ್ತಾನು ಕೆಲವೇ ಗಂಟೆಗಳಿಗೆ ಸಾಕಾಗುವಷ್ಟು.

ದಿನಕ್ಕೆ ಹದಿನೈದು ಸಾವಿರದಷ್ಟು ಕಾರು ಹೊರಬಿಡುತ್ತಿದ್ದ ಕಂಪನಿಯ ಲೈನ್‌ಗಳು ಮುಂದಿನ ವಾರದ ಮೊದಲ ದಿನಗಳಲ್ಲೇ ಒಂದೊಂದಾಗಿ ನಿಂತವು. ಸುಟ್ಟ ಯಂತ್ರಗಳು ಅಂಗಡಿಯಲ್ಲಿ ಸಿಗುವಂಥವಲ್ಲ, ಈ ಒಂದೇ ಕೆಲಸಕ್ಕೆಂದು ಕಟ್ಟಿಸಿದವು. ಟೊಯೋಟಾ ಏಳಬೇಕಾದರೆ ವಾರಗಟ್ಟಲೆ ಹಿಡಿಯುತ್ತದೆ ಎಂದು ಉದ್ಯಮ ಬಲ್ಲವರು ಲೆಕ್ಕ ಹಾಕಿದರು. ಆದರೆ ವಾರದೊಳಗೇ ಲೈನ್‌ಗಳು ಮತ್ತೆ ಓಡತೊಡಗಿದವು. ಫೆಬ್ರವರಿ ಅರ್ಧ ಕಳೆಯುವಷ್ಟರಲ್ಲಿ ಉತ್ಪಾದನೆ ಮೊದಲಿನ ಮಟ್ಟಕ್ಕೆ ಬಂದಿತ್ತು.

ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ಒಂದು ಮಷೀನ್ ಶಾಪ್ ನಡೆಸುತ್ತೇನೆ. ಎಚ್‌ಎಂಟಿಯ ಟೂಲ್ ರೂಮಿನಲ್ಲಿದ್ದ ನಮ್ಮ ಮಾವ ಎರಡು ಲೇತ್ ಹಾಕಿಕೊಂಡು ಶುರು ಮಾಡಿದ್ದು ಅದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸೊಸೆಯಾಗಿ ಬಂದ ನಾನು ಮೊದಲು ಗೇಜ್ ಹಿಡಿದೆ, ಆಮೇಲೆ ಲೆಕ್ಕದ ಪುಸ್ತಕ ಹಿಡಿದೆ. ಬ್ರೇಕಿಗೆ ಬೇಕಾಗುವ ಪಿಸ್ಟನ್, ಬುಷ್, ವಾಲ್ವ್ ಬಾಡಿಗಳನ್ನು ನಾವು ತಯಾರಿಸಿ ದೊಡ್ಡ ಕಂಪನಿಯೊಂದಕ್ಕೆ ಕೊಡುತ್ತೇವೆ. ಅವರು ಅವನ್ನು ಜೋಡಿಸಿ ಕಾರು ಕಂಪನಿಗೆ ಕೊಡುತ್ತಾರೆ. ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಕರಿಯಾದ ಬೆಂಕಿಯನ್ನು ಪಾಠವಾಗಿ ಹೇಳಿಕೊಡುತ್ತಾರೆ. ಅದನ್ನು ಯಂತ್ರದ ಪಕ್ಕ ನಿಂತವರ ಕಡೆಯಿಂದಲೂ ಹೇಳಬೇಕು ಎಂದು ನನಗೆ ಬಹಳ ದಿನದಿಂದ ಇದೆ. ಯಾಕೆಂದರೆ ಆ ವಾರ ಟೊಯೋಟಾವನ್ನು ಎತ್ತಿ ನಿಲ್ಲಿಸಿದ್ದು ನಮ್ಮಂಥ ಶೆಡ್‌ಗಳು. ಅವು ಯಾಕೆ ಓಡಿ ಬಂದವು ಎನ್ನುವುದರಲ್ಲೇ ಕಾರು ಉದ್ಯಮದ ಅರ್ಧ ಗುಟ್ಟು ಇದೆ.

ಕಾರು ಮಾಡುವವರು ಯಾರು?

ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗಗಳಿರುತ್ತವೆ ಎಂದು ಲೆಕ್ಕ. ಬಾನೆಟ್ ಮೇಲೆ ಯಾರ ಹೆಸರಿದ್ದರೂ ಆ ಭಾಗಗಳಲ್ಲಿ ಬಹುಪಾಲು ಹೊರಗಿನಿಂದ ಬಂದವು. ಕಾರು ಕಂಪನಿ ಮೈಕಟ್ಟನ್ನು ಒತ್ತಿ, ಬೆಸುಗೆ ಹಾಕಿ, ಬಣ್ಣ ಬಳಿದು, ಎಂಜಿನ್ ಕೂರಿಸಿ ಎಲ್ಲವನ್ನೂ ಜೋಡಿಸುತ್ತದೆ. ಬ್ರೇಕ್, ಸೀಟು, ಸ್ಟೀರಿಂಗ್, ವೈರಿಂಗ್ ಇವನ್ನೆಲ್ಲ ನೇರವಾಗಿ ತಂದುಕೊಡುವವರು ಟಿಯರ್-1. ಅವರಿಗೆ ಕೊಡುವ ನಮ್ಮಂಥವರು ಟಿಯರ್-2. ನಮಗೆ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರು, ಪ್ಲೇಟಿಂಗ್ ಮಾಡಿಕೊಡುವವರು, ಎರಡು ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರು ಟಿಯರ್-3. ಮೇಲಿನವರ ಹೆಸರು ಜಾಹೀರಾತಿನಲ್ಲಿರುತ್ತದೆ. ಕೆಳಗಿನವರ ಹೆಸರು ಡೆಲಿವರಿ ಚಲನ್ನಿನಲ್ಲಿ ಮಾತ್ರ.

ಈ ಸಾಲಿನಲ್ಲಿ ಎಲ್ಲಿ ಒಂದು ಭಾಗ ತಪ್ಪಿದರೂ ಕಾರು ಹೊರಡುವುದಿಲ್ಲ. ಪಿ-ವಾಲ್ವನ್ನೇ ನೋಡಿ. ಬ್ರೇಕ್ ಜೋರಾಗಿ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಆಗ ಹಿಂದಕ್ಕೂ ಮುಂದಿನಷ್ಟೇ ಒತ್ತಡದಲ್ಲಿ ಬ್ರೇಕ್ ಆಯಿಲ್ ಹೋದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಆ ಒತ್ತಡವನ್ನು ಹದವಾಗಿ ಇಳಿಸುವುದು ಈ ವಾಲ್ವಿನ ಕೆಲಸ. ಒಳಗೆ ಒಂದಕ್ಕೊಂದು ಸೇರುವ ಸಣ್ಣ ರಂಧ್ರಗಳು, ಕನ್ನಡಿಯಂತೆ ನುಣುಪಾಗಿರಬೇಕಾದ ಗೋಡೆಗಳು. ಅಳತೆ ಮೈಕ್ರಾನ್ ಲೆಕ್ಕದಲ್ಲಿ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕೊರೆದ ಅಂಚಿನಲ್ಲಿ ಒಂದು ಚೂರು ಬರ್, ಅಂದರೆ ಲೋಹದ ಮುಳ್ಳು, ಉಳಿದರೂ ಸೀಲ್ ಹರಿಯುತ್ತದೆ, ಆಯಿಲ್ ಸೋರುತ್ತದೆ. ಇಂಥ ಭಾಗಕ್ಕೆ ಹೊಸ ಸಪ್ಲೈಯರ್ ಆಗಬೇಕಾದರೆ ಸ್ಯಾಂಪಲ್, ಫಸ್ಟ್ ಪೀಸ್ ಅಪ್ರೂವಲ್, ಟೆಸ್ಟಿಂಗ್, ಆಡಿಟ್ ಅಂತ ನಮ್ಮ ಕಡೆ ತಿಂಗಳುಗಳೇ ಹಿಡಿಯುತ್ತವೆ.

ಯಾರೂ ರೇಟು ಕೇಳಲಿಲ್ಲ

ಬೆಂಕಿ ಆರುವ ಮೊದಲೇ ಐಸಿನ್‌ನವರು ತುರ್ತು ತಂಡ ಕಟ್ಟಿ, ನೂರಾರು ಮೊಬೈಲ್ ಫೋನ್ ತರಿಸಿದರು. ಅಲ್ಲೇ ಮಲಗಲು ಹಾಸಿಗೆ ಚೀಲಗಳೂ ಬಂದವು. ತಮ್ಮಲ್ಲಿದ್ದ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕಳಿಸಿದರು. ವ್ಯಾಪಾರ ಬಲ್ಲವರಿಗೆ ಇದರ ತೂಕ ಗೊತ್ತಾಗುತ್ತದೆ. ಡ್ರಾಯಿಂಗ್ ಅಂದರೆ ಕಂಪನಿಯ ಬಂಡವಾಳ. ಅದನ್ನು ಪ್ರತಿಸ್ಪರ್ಧಿಯ ಕೈಗೂ ಕೊಟ್ಟರು. ಅರವತ್ತಕ್ಕೂ ಹೆಚ್ಚು ಕಂಪನಿಗಳು ವಾಲ್ವ್ ಮಾಡಲು ಮುಂದೆ ಬಂದವು. ಅವರ ಬೆನ್ನಿಗೆ ಟೂಲ್, ಕಚ್ಚಾವಸ್ತು, ಭಾಗವನ್ನು ಹಿಡಿದಿಡುವ ಫಿಕ್ಸ್ಚರ್ ಕೊಡುವ ನೂರಾರು ಸಣ್ಣ ಶಾಪ್‌ಗಳು ನಿಂತವು.

ಡ್ರಾಯಿಂಗ್ ಇದ್ದ ಮಾತ್ರಕ್ಕೆ ಭಾಗ ತಯಾರಾಗುವುದಿಲ್ಲ. ಐಸಿನ್ ಬಳಿ ಇದ್ದದ್ದು ಅದೊಂದೇ ಕೆಲಸಕ್ಕೆ ಕಟ್ಟಿದ ಯಂತ್ರಗಳು. ಉಳಿದವರ ಬಳಿ ಇದ್ದದ್ದು ಸಾಮಾನ್ಯ ಮಷೀನಿಂಗ್ ಸೆಂಟರ್‌ಗಳು. ಭಾಗವನ್ನು ಹೇಗೆ ಹಿಡಿಯಬೇಕು, ಯಾವ ರಂಧ್ರ ಮೊದಲು, ಯಾವ ಡ್ರಿಲ್ ಎಷ್ಟು ವೇಗದಲ್ಲಿ ಅನ್ನುವುದನ್ನೆಲ್ಲ ಪ್ರತಿಯೊಬ್ಬರೂ ಹೊಸದಾಗಿ ಕಂಡುಕೊಳ್ಳಬೇಕಿತ್ತು. ವಾಲ್ವಿನ ಬಗೆಗಳೂ ನೂರಕ್ಕಿಂತ ಹೆಚ್ಚು. ಪ್ರಶ್ನೆ ಕೇಳೋಣವೆಂದರೆ ಐಸಿನ್ ಎಂಜಿನಿಯರ್‌ಗಳ ಫೋನು ಸಿಗುತ್ತಿರಲಿಲ್ಲ. ಆಗ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. ಒಬ್ಬರಿಗೆ ಹೊಳೆದ ಉಪಾಯ ಸಂಜೆಯೊಳಗೆ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ಟೊಯೋಟಾದ ಮತ್ತೊಂದು ಸಪ್ಲೈಯರ್ ಕಂಪನಿ ಡೆನ್ಸೋ ತನ್ನ ಮಾಮೂಲಿ ಕೆಲಸವನ್ನು ಹೊರಗೆ ಕೊಟ್ಟು, ಖಾಲಿಯಾದ ಯಂತ್ರಗಳನ್ನು ವಾಲ್ವಿಗೆ ಹಾಕಿತು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಅದುವರೆಗೆ ಕಾರಿನ ಭಾಗ ಮಾಡಿರಲೇ ಇಲ್ಲ. ಅವರೂ ಒಂದು ಯಂತ್ರವನ್ನು ಇದಕ್ಕೆ ಹೊಂದಿಸಲು ಐದುನೂರು ಗಂಟೆಗಳಷ್ಟು ಆಳುಕೆಲಸ ಹಾಕಿದರು. ಅದರಿಂದ ಬಂದದ್ದು ದಿನಕ್ಕೆ ನಲವತ್ತು ವಾಲ್ವ್. ಕ್ಯೋರಿತ್ಸು ಸಾಂಗ್ಯೋ ಎಂಬ ಕಂಪನಿ ಡ್ರಾಯಿಂಗ್ ಕೈಗೆ ಬಂದ 85 ಗಂಟೆಗಳಲ್ಲಿ ಕಾರಿಗೆ ಹಾಕಬಹುದಾದ ಮೊದಲ ವಾಲ್ವ್‌ಗಳನ್ನು ಒಪ್ಪಿಸಿತು.

85 ಗಂಟೆ ಅಂದರೆ ಮೂರೂವರೆ ದಿನ. ಹೊಸ ಫಿಕ್ಸ್ಚರಿನ ಕೊಟೇಶನ್ನಿಗೆ ಸಹಿ ಬೀಳುವುದಕ್ಕೇ ನಮ್ಮಲ್ಲಿ ಅದಕ್ಕಿಂತ ಹೆಚ್ಚು ದಿನ ಬೇಕು. ಆ ವಾರ ಕರಿಯಾದಲ್ಲಿ ಕೊಟೇಶನ್ನೇ ಇರಲಿಲ್ಲ, ಪರ್ಚೇಸ್ ಆರ್ಡರೂ ಇರಲಿಲ್ಲ. ಓವರ್‌ಟೈಮ್ ಯಾರು ಕೊಡುತ್ತಾರೆ, ಹಾಳಾದ ಟೂಲಿಗೆ ಯಾರು ಹೊಣೆ ಅಂತ ಕೇಳುತ್ತಾ ಯಾರೂ ಕೂತುಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಐಸಿನ್ ನೇರ ಖರ್ಚನ್ನು ತುಂಬಿಕೊಟ್ಟಿತು. ಟೊಯೋಟಾ ತನ್ನ ಟಿಯರ್-1 ಸಪ್ಲೈಯರ್‌ಗಳಿಗೆ ಆ ಜನವರಿಯಿಂದ ಮಾರ್ಚ್‌ವರೆಗಿನ ವಹಿವಾಟಿನ ಶೇ 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು; ಒಟ್ಟು 15 ಬಿಲಿಯನ್ ಯೆನ್‌ಗೂ ಹೆಚ್ಚು, ಅಂದರೆ 1,500 ಕೋಟಿ ಯೆನ್ ಮೀರಿದ ಮೊತ್ತ. ಆ ಟಿಯರ್-1 ಕಂಪನಿಗಳಲ್ಲಿ ಹಲವು ತಮ್ಮ ಕೆಳಗಿನವರಿಗೂ ಹಾಗೆಯೇ ಹಂಚಿದವು.

ನಮ್ಮ ಮಾವ ಒಂದು ಮಾತು ಹೇಳುತ್ತಿದ್ದರು: "ರೇಟಿಗೆ ಬಂದೋನು ರೇಟಿಗೇ ಹೋಗ್ತಾನಮ್ಮ. ಕಷ್ಟಕ್ಕೆ ಬಂದೋನ ಹೆಸರು ಬರೆದಿಟ್ಟುಕೋ." ಟೊಯೋಟಾ ಆ ಹೆಸರುಗಳನ್ನು ಬರೆದಿಟ್ಟುಕೊಂಡಿತ್ತು. ಮೊದಲಿಂದಲೂ.

ಒಂದು ವಾರದ ಹಿಂದಿನ ಅರ್ಧ ಶತಮಾನ

ಟೊಯೋಟಾದ ಸಪ್ಲೈಯರ್‌ಗಳ ಕೂಟ ಕ್ಯೋಹೋಕೈ ಆ ಹೆಸರು ಪಡೆದದ್ದು 1943ರಲ್ಲಿ. ಬೆಂಕಿ ಬೀಳುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ವರ್ಷ ಆ ಕಂಪನಿಗಳು ಒಂದೇ ಕೋಣೆಯಲ್ಲಿ ಕೂತು ಕ್ವಾಲಿಟಿ, ಖರ್ಚು, ಅಪಘಾತಗಳ ಬಗ್ಗೆ ಮಾತಾಡಿದ್ದವು. ಟೊಯೋಟಾ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ತಮ್ಮ ಶಿಷ್ಯರನ್ನು ಸಪ್ಲೈಯರ್‌ಗಳ ಶಾಪ್‌ಗಳಿಗೆ ಕಳಿಸುತ್ತಿದ್ದರು. ಹೋದವರು ಯಂತ್ರದ ಮುಂದೆ ನಿಂತು ಕೆಲಸಗಾರ ಎಷ್ಟು ಹೆಜ್ಜೆ ನಡೆಯುತ್ತಾನೆ, ಭಾಗ ಎಲ್ಲಿ ಕಾಯುತ್ತಾ ಬಿದ್ದಿರುತ್ತದೆ ಎಂದು ನೋಡುತ್ತಿದ್ದರು. ಹೀಗಾಗಿ ಒಬ್ಬರ ಶಾಪಿನಲ್ಲಿ ಯಾವ ಯಂತ್ರ ಇದೆ, ಯಾರ ಕೈ ಯಾವ ಕೆಲಸದಲ್ಲಿ ಪಳಗಿದೆ ಎನ್ನುವುದು ಮತ್ತೊಬ್ಬರಿಗೆ ಗೊತ್ತಿತ್ತು. ಬೆಂಕಿಯ ದಿನ ಆ ಪರಿಚಯವೇ ಕೆಲಸಕ್ಕೆ ಬಂತು.

ಟೊಯೋಟಾ ಬೆಲೆಯಲ್ಲಿ ಸಡಿಲ ಎಂದು ಯಾರೂ ಭಾವಿಸಬೇಕಿಲ್ಲ. ಗ್ರಾಹಕ ಎಷ್ಟು ಕೊಡಬಲ್ಲ ಎಂಬುದರಿಂದ ಹಿಂದಕ್ಕೆ ಎಣಿಸಿ, ಪ್ರತಿ ಭಾಗಕ್ಕೂ ಗುರಿ ಬೆಲೆ ಕಟ್ಟುವವರು ಅವರು. ಆ ಬೆಲೆಯನ್ನು ಕಾಲಕಾಲಕ್ಕೆ ಇಳಿಸುತ್ತಲೇ ಇರಬೇಕು. ಆದರೆ ಇಳಿಸುವ ದಾರಿಯನ್ನು ಸಪ್ಲೈಯರ್ ಜೊತೆ ಕೂತು ಹುಡುಕುತ್ತಾರೆ, ಉಳಿದದ್ದರಲ್ಲಿ ಅವನಿಗೂ ಪಾಲು ಬಿಡುತ್ತಾರೆ. ಈ ವ್ಯತ್ಯಾಸವನ್ನು ನಾನು ಕೈಯಾರೆ ಅನುಭವಿಸಿದ್ದೇನೆ.

ನಮ್ಮ ಗಿರಾಕಿ ಕಂಪನಿಯೊಂದರಿಂದ ಒಬ್ಬ ಯುವ ಎಂಜಿನಿಯರ್ ಬಂದಿದ್ದರು. ಬಂದವರು ಆಫೀಸಿನಲ್ಲಿ ಕಾಫಿ ಕುಡಿದು ಹೊರಡಲಿಲ್ಲ. ಸ್ಟಾಪ್‌ವಾಚ್ ಹಿಡಿದು ಆಪರೇಟರ್ ಪಕ್ಕ ನಿಂತರು. "ಅಣ್ಣ, ಈ ಪೀಸನ್ನ ಯಾಕೆ ಎರಡು ಸಲ ತಿರುಗಿಸಿ ಕ್ಲ್ಯಾಂಪ್ ಮಾಡ್ತೀರ?" ಅಂತ ಕೇಳಿದರು. "ಡ್ರಾಯಿಂಗ್‌ನಲ್ಲಿ ಡೇಟಮ್ ಹಾಗಿದೆ ಸಾರ್" ಅಂದ ನಮ್ಮ ಆಪರೇಟರ್. ಅವರು ತಮ್ಮ ಡಿಸೈನ್ ವಿಭಾಗದವರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಅಳತೆ ಹಿಡಿಯುವ ಮುಖವನ್ನು ಬದಲಿಸಬಹುದು ಎಂದು ಕೆಲವು ವಾರಗಳಲ್ಲಿ ಡ್ರಾಯಿಂಗ್ ತಿದ್ದಿಸಿಕೊಟ್ಟರು. ಎರಡು ಸೆಟಪ್ಪಿನ ಕೆಲಸ ಒಂದರಲ್ಲೇ ಮುಗಿಯಿತು, ರಿಜೆಕ್ಷನ್ ಇಳಿಯಿತು. ನಾವು ಬೆಲೆ ಕಡಿಮೆ ಮಾಡಿದೆವು, ನಮ್ಮ ಲಾಭವೂ ಹೆಚ್ಚಿತು.

ಇನ್ನೊಂದು ಬಗೆಯ ಗಿರಾಕಿಯೂ ಗೊತ್ತು. ಪ್ರತಿ ಏಪ್ರಿಲ್‌ನಲ್ಲಿ ಒಂದು ಮೇಲ್ ಬರುತ್ತದೆ: ಇಂದಿನಿಂದ ಇಷ್ಟು ಪರ್ಸೆಂಟ್ ಇಳಿಸಿಕೊಂಡಿದ್ದೇವೆ, ಒಪ್ಪಿಗೆ ಕಳಿಸಿ. ಸ್ಟೀಲಿನ ಬೆಲೆ ಏರಿದೆ, ಕರೆಂಟ್ ಬಿಲ್ ಏರಿದೆ ಎಂದು ಬರೆದರೆ ಉತ್ತರವಿಲ್ಲ. ಅಂಥ ಕಡೆ ನಮಗೆ ಯಾವುದಾದರೂ ಉಪಾಯ ಹೊಳೆದರೂ ಬಾಯಿ ಬಿಡುವುದಿಲ್ಲ. ಹೇಳಿದ ಮರುದಿನವೇ ಆ ಉಳಿತಾಯವೆಲ್ಲ ಅವರ ಜೇಬಿಗೆ ಹೋಗುತ್ತದೆಂದು ಗೊತ್ತು. ಸಾವಿರಾರು ಶಾಪ್‌ಗಳು ಹೀಗೆ ಬಾಯಿ ಮುಚ್ಚಿಕೊಂಡರೆ ಕಾರು ಕಂಪನಿ ಕಳೆದುಕೊಳ್ಳುವುದು ಎಷ್ಟು ಎಂದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಹತ್ತು ವರ್ಷದ ನಂಬಿಕೆ, ಒಂದು ಪತ್ರ

ಈ ಲೆಕ್ಕ ಅಮೆರಿಕದಲ್ಲಿ ಒಂದೇ ಕಾಲದಲ್ಲಿ ಎರಡು ರೀತಿಯಲ್ಲಿ ಬಯಲಾಯಿತು. 1992ರಲ್ಲಿ ಜನರಲ್ ಮೋಟರ್ಸ್ ನಷ್ಟದಲ್ಲಿತ್ತು. ಖರೀದಿ ವಿಭಾಗಕ್ಕೆ ಬಂದ ಸ್ಪೇನಿನ ಹೋಸೆ ಇಗ್ನಾಸಿಯೊ ಲೋಪೆಸ್ ಹಳೆಯ ಒಪ್ಪಂದಗಳನ್ನು ಮುರಿದು ಮತ್ತೆ ಮತ್ತೆ ಟೆಂಡರ್ ಕರೆದರು, ಎರಡಂಕಿಯ ಬೆಲೆ ಇಳಿಕೆ ಕೇಳಿದರು. ಹಣ ಉಳಿಯಿತು. ಜೊತೆಗೆ ಸಪ್ಲೈಯರ್‌ಗಳ ಮನಸ್ಸೂ ಮುರಿಯಿತು. ತಮ್ಮ ಹೊಸ ತಂತ್ರಜ್ಞಾನವನ್ನು ಅವರು ಮೊದಲು ಬೇರೆ ಕಂಪನಿಗಳಿಗೆ ತೋರಿಸತೊಡಗಿದರು. 1993ರಲ್ಲಿ ಲೋಪೆಸ್ ಫೋಕ್ಸ್‌ವ್ಯಾಗನ್‌ಗೆ ಹೋದರು. ಆ ಕಹಿ ಮಾತ್ರ ಜಿಎಂನಲ್ಲಿ ವರ್ಷಗಟ್ಟಲೆ ಉಳಿಯಿತು.

ಅದೇ ಹೊತ್ತಿನಲ್ಲಿ ಪಕ್ಕದ ಕ್ರೈಸ್ಲರ್ ಬೇರೆ ದಾರಿ ಹಿಡಿದಿತ್ತು. ಥಾಮಸ್ ಸ್ಟಾಲ್‌ಕ್ಯಾಂಪ್ ಅವರ ನೇತೃತ್ವದಲ್ಲಿ ಖರೀದಿ ವಿಭಾಗ ಸಪ್ಲೈಯರ್‌ಗಳಿಂದ ಖರ್ಚು ಇಳಿಸುವ ಸಲಹೆ ಕೇಳಿತು. ಉಳಿತಾಯದಲ್ಲಿ ಪಾಲು ಅವರಿಗೂ ಸಿಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಸಪ್ಲೈಯರ್‌ಗಳ ಸಂಖ್ಯೆ 2,500ರಿಂದ 1,140ಕ್ಕೆ ಇಳಿಯಿತು. ಉಳಿದವರಿಗೆ ದೀರ್ಘಕಾಲದ ಆರ್ಡರ್ ಸಿಕ್ಕಿತು. ಜೆಫ್ರಿ ಡಯರ್ ಎಂಬ ಪ್ರಾಧ್ಯಾಪಕರು 1996ರಲ್ಲಿ ಬರೆದಂತೆ, 1995ರ ಕೊನೆಗೆ ಸಪ್ಲೈಯರ್‌ಗಳಿಂದ ಬಂದ 5,300 ಸಲಹೆಗಳು ವರ್ಷಕ್ಕೆ 1.7 ಬಿಲಿಯನ್ ಡಾಲರ್‌ಗೂ ಹೆಚ್ಚು ಉಳಿಸಿಕೊಟ್ಟಿದ್ದವು. ಎಲ್ಲವೂ ಶಾಪ್‌ಗಳ ಒಳಗೆ ಹೊಳೆದ ಉಪಾಯಗಳೇ.

ಮುಂದಿನದು ದುಃಖದ ಕಥೆ. 1998ರಲ್ಲಿ ಕ್ರೈಸ್ಲರ್ ಜರ್ಮನಿಯ ಡೈಮ್ಲರ್ ಜೊತೆ ಸೇರಿತು. ಮತ್ತೆ ನಷ್ಟ ಕಾಣಿಸಿದಾಗ, 2001ರ ಜನವರಿ 1ರಿಂದ ಎಲ್ಲ ಸಪ್ಲೈಯರ್‌ಗಳೂ ಬೆಲೆಯನ್ನು ಶೇ 5ರಷ್ಟು ಇಳಿಸಬೇಕು ಎಂಬ ಸೂಚನೆ ಹೋಯಿತು. ಚರ್ಚೆಯಿಲ್ಲ, ಜೊತೆಗೆ ಕೂರುವುದಿಲ್ಲ. ಹತ್ತು ವರ್ಷ ಕಟ್ಟಿದ್ದು ಅಲ್ಲಿಗೆ ಕುಸಿಯಿತು.

ಜಗಳ ಮುರಿಯುವ ಮಟ್ಟಕ್ಕೆ ಹೋದರೆ ಏನಾಗುತ್ತದೆ ಎನ್ನುವುದು 2016ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಕಾಣಿಸಿತು. ರದ್ದಾದ ಒಂದು ಕೆಲಸದ ಪರಿಹಾರದ ವಿಷಯದಲ್ಲಿ ಫೋಕ್ಸ್‌ವ್ಯಾಗನ್‌ಗೂ ಪ್ರಿವೆಂಟ್ ಗುಂಪಿನ ಎರಡು ಕಂಪನಿಗಳಿಗೂ ವ್ಯಾಜ್ಯ ಬಂತು. ಒಂದು ಸೀಟಿನ ಕವರ್ ಕೊಡುತ್ತಿತ್ತು, ಇನ್ನೊಂದು ಗೇರ್‌ಬಾಕ್ಸಿನ ಎರಕದ ಭಾಗಗಳನ್ನು. ಎರಡೂ ಸಪ್ಲೈ ನಿಲ್ಲಿಸಿದವು. ವೋಲ್ಫ್ಸ್‌ಬರ್ಗ್‌ನಲ್ಲಿ ಗಾಲ್ಫ್ ಕಾರಿನ ಉತ್ಪಾದನೆ ನಿಂತಿತು. ಬೇರೆ ಬೇರೆ ಕಾರ್ಖಾನೆಗಳಲ್ಲಿ ಸುಮಾರು 28,000 ಕೆಲಸಗಾರರಿಗೆ ಅದರ ಬಿಸಿ ತಟ್ಟಿತು. ಕೊನೆಗೆ ರಾತ್ರಿಯಿಡೀ ಕೂತು ರಾಜಿ ಮಾಡಿಕೊಂಡರು. ಅತ್ತ ಕರಿಯಾದಲ್ಲಿ ಕಾರ್ಖಾನೆ ಸುಟ್ಟರೂ ಭಾಗ ಸಿಕ್ಕಿತ್ತು. ಇಲ್ಲಿ ಜರ್ಮನಿಯಲ್ಲಿ ಕಾರ್ಖಾನೆಗಳೆಲ್ಲ ನೆಟ್ಟಗಿದ್ದೂ ಭಾಗ ಸಿಗಲಿಲ್ಲ.

ಹತ್ತಿರದವರನ್ನು ಮಾತ್ರ ನಂಬಿದರೆ

ಟೊಯೋಟಾ ಮಾಡಿದ್ದೆಲ್ಲ ಸರಿ ಎಂದು ಹೇಳಲಾರೆ. ಒಂದು ಭಾಗಕ್ಕೆ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡದ್ದರಿಂದಲೇ ಆ ಬೆಂಕಿ ಅಷ್ಟು ದೊಡ್ಡ ಪೆಟ್ಟಾಯಿತು. ಐಸಿನ್ ಚೆನ್ನಾಗಿ ಮಾಡುತ್ತಿತ್ತು, ಅಗ್ಗವಾಗಿ ಮಾಡುತ್ತಿತ್ತು, ಎರಡನೆಯವರನ್ನು ಹುಡುಕುವ ಕೆಲಸ ಹಿಂದೆ ಬಿತ್ತು. ಸುಮಾರು 70,000 ಕಾರುಗಳ ಉತ್ಪಾದನೆ ಆಗ ತಪ್ಪಿತು. ಬಹುಪಾಲನ್ನು ಆಮೇಲೆ ಹೆಚ್ಚುವರಿ ಪಾಳಿ ಹಾಕಿ ತುಂಬಿಕೊಂಡರು. ಸಂಬಂಧ ಗಟ್ಟಿಯಿದ್ದರೆ ಏಳುವುದು ಬೇಗ, ಆದರೆ ಬೀಳದಿರಲು ಎರಡನೆಯ ಮೂಲವೂ ಬೇಕು.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿ ಇನ್ನೊಂದು ಪಾಠ ಕಲಿಸಿತು. ಹಿತಾಚಿನಾಕದಲ್ಲಿದ್ದ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆ ಹಾಳಾದಾಗ ಜಗತ್ತಿನ ಕಾರು ಕಂಪನಿಗಳೇ ತತ್ತರಿಸಿದವು. ಬೇರೆ ಬೇರೆ ಟಿಯರ್-1ಗಳಿಂದ ಭಾಗ ತರಿಸುತ್ತೇವೆ, ನಮಗೆ ಅಪಾಯವಿಲ್ಲ ಎಂದುಕೊಂಡಿದ್ದವರಿಗೆ ಆ ಎಲ್ಲರ ಕೆಳಗೂ ಒಂದೇ ಚಿಪ್ ಕಾರ್ಖಾನೆ ಇದೆ ಎಂದು ಆಗ ತಿಳಿಯಿತು. ಈ ಸಲವೂ ಕಾರು ಕಂಪನಿಗಳೂ ಸಪ್ಲೈಯರ್‌ಗಳೂ ಜನರನ್ನು ಕಳಿಸಿದವು; ದಿನವೊಂದಕ್ಕೆ 2,500 ಮಂದಿಯವರೆಗೆ ಸೇರಿ ಕೆಲಸ ಮಾಡಿ, ಅಂದುಕೊಂಡಿದ್ದಕ್ಕಿಂತ ಮೊದಲೇ ಜೂನ್‌ನಲ್ಲಿ ಕಾರ್ಖಾನೆ ಶುರುವಾಯಿತು. ಆಮೇಲೆ ಟೊಯೋಟಾ ತನ್ನ ಕೆಳಗಿನ ಹಂತಗಳಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ ಎಂಬ ಪಟ್ಟಿ ಕಟ್ಟಿತು. ಚಿಪ್‌ನಂಥ ಭಾಗಗಳನ್ನು ತಿಂಗಳುಗಳಿಗೆ ಸಾಕಾಗುವಷ್ಟು ಇಟ್ಟುಕೊಳ್ಳಿ ಎಂದು ಸಪ್ಲೈಯರ್‌ಗಳಿಗೆ ಹೇಳಿತು.

ಕೋವಿಡ್ ಬಂದಾಗ ಆ ಕೆಲಸ ಫಲ ಕೊಟ್ಟಿತು. 2021ರ ಮೊದಲ ತಿಂಗಳುಗಳಲ್ಲಿ ಚಿಪ್ ಇಲ್ಲದೆ ಬೇರೆಯವರ ಲೈನ್‌ಗಳು ನಿಲ್ಲುತ್ತಿದ್ದಾಗ ಟೊಯೋಟಾ ಓಡುತ್ತಿತ್ತು. ಆದರೆ ಬರ ಉದ್ದವಾದಂತೆ ಅದೂ ಆ ಸೆಪ್ಟೆಂಬರಿನ ಉತ್ಪಾದನೆಯನ್ನು ಶೇ 40ರಷ್ಟು ಕಡಿತ ಮಾಡಬೇಕಾಯಿತು. ಮುಂದೆ 2022ರ ಮಾರ್ಚ್ 1ರಂದು, ಕೊಜಿಮಾ ಎಂಬ ಪ್ಲಾಸ್ಟಿಕ್ ಭಾಗಗಳ ಕಂಪನಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿಯಾದ ಕಾರಣಕ್ಕೆ, ಜಪಾನಿನಲ್ಲಿದ್ದ ಟೊಯೋಟಾದ 14 ಕಾರ್ಖಾನೆಗಳ 28 ಲೈನ್‌ಗಳೂ ಒಂದು ದಿನ ನಿಂತವು. ಕೆಳಗಿನ ಹಂತದ ಬೀಗ ಸಡಿಲವಿದ್ದರೆ ಮೇಲಿನವರ ಮನೆಗೂ ಭದ್ರತೆಯಿಲ್ಲ.

ನಮ್ಮ ದೇಶದಲ್ಲೂ ಒಂದು ಉದಾಹರಣೆ ಇದೆ. 2009ರಲ್ಲಿ ಗುರುಗ್ರಾಮದ ರಿಕೊ ಆಟೊ ಕಾರ್ಖಾನೆಯಲ್ಲಿ ಮುಷ್ಕರವಾದಾಗ ಭಾಗ ಸಿಗದೆ ಅಮೆರಿಕ, ಕೆನಡಾಗಳಲ್ಲಿ ಜಿಎಂ ಮತ್ತು ಫೋರ್ಡ್ ಕಾರ್ಖಾನೆಗಳು ಕೆಲಕಾಲ ನಿಂತವು. ಸಪ್ಲೈಯರ್ ಜೊತೆಗಿನ ಸಂಬಂಧ ಎಂದಾಗ ಆ ಸಪ್ಲೈಯರ್ ತನ್ನ ಕೆಲಸಗಾರರ ಜೊತೆ ಇಟ್ಟುಕೊಂಡ ಸಂಬಂಧವೂ ಅದರಲ್ಲಿ ಸೇರಿದೆ.

ಬಿಡದಿಯಿಂದ ಪೀಣ್ಯಕ್ಕೆ

ಕರ್ನಾಟಕಕ್ಕೆ ಈ ಪದ್ಧತಿ ಕಣ್ಣೆದುರು ಬಂದದ್ದು ಮೈಸೂರು ರಸ್ತೆಯ ಬಿಡದಿಯಲ್ಲಿ. ಟೊಯೋಟಾ ಕಿರ್ಲೋಸ್ಕರ್ ಮೋಟರ್ ಸ್ಥಾಪನೆಯಾದದ್ದು 1997ರಲ್ಲಿ, ಕರಿಯಾದ ಬೆಂಕಿಯ ವರ್ಷದಲ್ಲೇ. 1999ರ ಕೊನೆಗೆ ಅಲ್ಲಿ ಕ್ವಾಲಿಸ್ ಗಾಡಿ ತಯಾರಾಗತೊಡಗಿತು. ಕಾರ್ಖಾನೆಯ ಸುತ್ತಮುತ್ತ ಸಪ್ಲೈಯರ್ ಕಂಪನಿಗಳೂ ನೆಲೆಯೂರಿದವು. ಭಾಗ ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕಾದರೆ ದೂರ ಕಡಿಮೆಯಿರಬೇಕು, ಮಾತು ದಿನಾ ನಡೆಯಬೇಕು. 2007ರಲ್ಲಿ ಅಲ್ಲೇ ಶುರುವಾದ ತಾಂತ್ರಿಕ ತರಬೇತಿ ಸಂಸ್ಥೆಗೆ ನಮ್ಮ ಹಳ್ಳಿಗಳ ಮಕ್ಕಳೂ ಹೋದರು. ಬಿಡದಿಯ ಸರಪಳಿಯಲ್ಲಿ ಕೆಲಸ ಕಲಿತ ಹುಡುಗರು ನಮ್ಮ ಶಾಪಿಗೆ ಬಂದಾಗ ಬೇರೆಯೇ ಕಾಣುತ್ತಾರೆ. ತಪ್ಪಾದ ಪೀಸನ್ನು ಬುಟ್ಟಿಯ ಅಡಿಗೆ ಸೇರಿಸುವುದಿಲ್ಲ. ಯಂತ್ರ ನಿಲ್ಲಿಸಿ ಕರೆಯುತ್ತಾರೆ.

ಆದರೆ ಕಾರು ಕಂಪನಿಯಿಂದ ಒಂದೊಂದೇ ಹಂತ ಕೆಳಗಿಳಿದಂತೆ ಈ ಶಿಸ್ತೂ ಈ ನ್ಯಾಯವೂ ತೆಳುವಾಗುತ್ತವೆ. ಮೊದಲನೆಯದು ಶೆಡ್ಯೂಲ್. ಶೋರೂಮಿನಲ್ಲಿ ಮಾರಾಟ ಸ್ವಲ್ಪ ಇಳಿದರೆ ಕಾರು ಕಂಪನಿ ತನ್ನ ಯೋಜನೆಯನ್ನು ಸ್ವಲ್ಪ ಇಳಿಸುತ್ತದೆ. ಟಿಯರ್-1 ತನ್ನ ದಾಸ್ತಾನನ್ನು ಮೊದಲು ಖಾಲಿ ಮಾಡೋಣ ಅಂತ ನಮ್ಮ ಆರ್ಡರನ್ನು ಅದಕ್ಕಿಂತ ಹೆಚ್ಚು ಇಳಿಸುತ್ತದೆ. ನಾವು ಪ್ಲೇಟಿಂಗ್‌ನವನಿಗೆ ಈ ವಾರ ಬೇಡ ಅಂದುಬಿಡುತ್ತೇವೆ. ಮೇಲೆ ಸಣ್ಣದಾಗಿದ್ದ ಏರಿಳಿತ ಕೆಳಗೆ ಬರುವಷ್ಟರಲ್ಲಿ ದೊಡ್ಡದಾಗಿರುತ್ತದೆ. ಒಮ್ಮೆ ಗಿರಾಕಿಯೊಬ್ಬರ ಮೂರು ತಿಂಗಳ ಶೆಡ್ಯೂಲ್ ನಂಬಿ ರಾಡ್ ತರಿಸಿದೆವು. ಒಂದು ಸೋಮವಾರ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಶೆಡ್ಯೂಲ್ ಅರ್ಧಕ್ಕಿಳಿಯಿತು. ಆ ರಾಡುಗಳು ಶೆಡ್ಡಿನ ಗೋಡೆಗೆ ಒರಗಿ ನಿಂತವು, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲಲಿಲ್ಲ. ಟೊಯೋಟಾ ಪದ್ಧತಿಯಲ್ಲಿ ಉತ್ಪಾದನೆಯನ್ನು ದಿನದಿಂದ ದಿನಕ್ಕೆ ಸಮನಾಗಿ ಹರಡುವುದಕ್ಕೆ ಅಷ್ಟು ಮಹತ್ವ ಕೊಡುವುದು ಇದಕ್ಕೇ. ಮೇಲಿನವರು ಸಮವಾಗಿ ನಡೆದರೆ ಕೆಳಗಿನವರು ಎಡವುವುದಿಲ್ಲ.

ಎರಡನೆಯದು ಹಣ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಮಾತು ಪೀಣ್ಯದಲ್ಲಿ ದಿನಾ ಕೇಳುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳಿಗೆ, ಬರೆದ ಒಪ್ಪಂದ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗೆ ಕೊಡದ ಹಣವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮವೂ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾನೂನು ಒಳ್ಳೆಯದೇ. ಆದರೆ ಬಡ್ಡಿ ಕೇಳಿ ಅರ್ಜಿ ಹಾಕಿದವನಿಗೆ ಮುಂದಿನ ಆರ್ಡರ್ ಸಿಗುತ್ತದೆಯೇ ಎಂಬ ಭಯ ನನ್ನ ನೆರೆಯ ಶಾಪ್‌ಗಳಲ್ಲಿ ಯಾರನ್ನು ಕೇಳಿದರೂ ಇದೆ. ತಡವಾದ ಹಣದ ಪೆಟ್ಟು ಶಾಪಿನವರಿಗೆ ಮಾತ್ರ ಬೀಳುತ್ತದೆ ಅಂದುಕೊಳ್ಳಬೇಡಿ. ಹಣ ಬಾರದಿದ್ದರೆ ಸವೆದ ಟೂಲನ್ನು ಇನ್ನೊಂದು ಪಾಳಿ ಓಡಿಸುತ್ತಾರೆ, ಗೇಜ್ ಕ್ಯಾಲಿಬ್ರೇಶನ್ ಮುಂದೂಡುತ್ತಾರೆ, ಪಳಗಿದ ಆಪರೇಟರ್ ಬೇರೆ ಕಡೆ ಹೋಗುತ್ತಾನೆ. ಅದರ ಫಲ ಒಂದು ದಿನ ನಿಮ್ಮ ಕಾರಿನ ಬ್ರೇಕಿನಲ್ಲಿ ಕಾಣಿಸಿಕೊಳ್ಳಬಹುದು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಯಂತ್ರ ಕೆಟ್ಟ ದಿನವೇ ಗಿರಾಕಿಗೆ ಹೇಳಬೇಕು. ಲಾರಿ ಹೊರಡುವ ಹೊತ್ತಿಗೆ ಹೇಳಬಾರದು. ಅನುಮಾನದ ಬ್ಯಾಚನ್ನು ಒಳ್ಳೆಯದರ ಜೊತೆ ಬೆರೆಸಿ ಕಳಿಸಬಾರದು. ಕೆಟ್ಟ ಸುದ್ದಿಯನ್ನು ಬೇಗ ಹೇಳುವ ಸಪ್ಲೈಯರ್ ಬೇಕು ಎಂದು ಎಲ್ಲ ಕಂಪನಿಗಳೂ ಬಯಸುತ್ತವೆ. ಹಾಗೆ ಹೇಳಿದ ಮರುಕ್ಷಣ ಹಣ ಕಡಿತದ ಡೆಬಿಟ್ ನೋಟ್ ಕಳಿಸಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಕಾರು ಉದ್ಯಮದಲ್ಲಿ ಮಾಹಿತಿ ಭಯ ಇರುವ ಕಡೆ ನಿಧಾನವಾಗಿ ಹರಿಯುತ್ತದೆ, ನಂಬಿಕೆ ಇರುವ ಕಡೆ ಬೇಗ ಹರಿಯುತ್ತದೆ. ದಾಸ್ತಾನು ಎಷ್ಟಿರಬೇಕು, ಲೈನ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಈ ವೇಗ.

ಉತ್ತರ ಅಮೆರಿಕದ ಸಪ್ಲೈಯರ್‌ಗಳನ್ನು ಕೇಳಿ, ಯಾವ ಕಾರು ಕಂಪನಿ ಜೊತೆ ಕೆಲಸ ಮಾಡುವುದು ಹೇಗಿದೆ ಎಂದು ಪ್ರತಿ ವರ್ಷ ಅಂಕ ಕೊಡಿಸುವ ಸಮೀಕ್ಷೆಯೊಂದಿದೆ. ಜಾನ್ ಹೆಂಕಿ ಎಂಬುವರು ಶುರು ಮಾಡಿದ್ದು. ಟೊಯೋಟಾ, ಹೋಂಡಾ ಅದರಲ್ಲಿ ಬಹಳ ವರ್ಷಗಳಿಂದ ಮುಂದಿವೆ. ನಮ್ಮಲ್ಲೂ ಗಿರಾಕಿ ಕಂಪನಿಗಳು ಪ್ರತಿ ತಿಂಗಳು ನಮಗೆ ಅಂಕ ಕೊಡುತ್ತವೆ: ಕ್ವಾಲಿಟಿಗೆ ಇಷ್ಟು, ಡೆಲಿವರಿಗೆ ಇಷ್ಟು. ನಾವು ಅವರಿಗೆ ಅಂಕ ಕೊಡುವ ವ್ಯವಸ್ಥೆಯೂ ಬೇಕು. ಶೆಡ್ಯೂಲ್ ಎಷ್ಟು ಸಲ ಬದಲಾಯಿತು, ಹಣ ಯಾವ ದಿನ ಬಂತು, ನಾವು ಕೊಟ್ಟ ಸಲಹೆಗೆ ಉತ್ತರ ಬಂತೇ? ಹೆಸರು ಹೇಳದೆ ಕೊಡುವ ಅಂಕವಾದರೆ ಪೀಣ್ಯದ ಪ್ರತಿ ಶಾಪೂ ನಿಜ ಹೇಳುತ್ತದೆ. ಸಣ್ಣ ಕೈಗಾರಿಕೆಗಳ ಸಂಘಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.

ಖರೀದಿ ವಿಭಾಗಕ್ಕೆ ಹೊಸದಾಗಿ ಸೇರುವ ಎಂಜಿನಿಯರ್ ಮಕ್ಕಳಿಗೆ ನನ್ನದೊಂದು ಕೋರಿಕೆ. ಬೆಲೆ ಇಳಿಸಿ ಎಂಬ ಮೇಲ್ ಕಳಿಸುವ ಮೊದಲು ಆ ಭಾಗ ತಯಾರಾಗುವ ಶಾಪಿಗೆ ಒಂದು ಸಲ ಬನ್ನಿ, ಆಪರೇಟರ್ ಹೆಸರು ಕೇಳಿ, ಒಂದು ಪಾಳಿ ಪೂರ್ತಿ ನಿಂತು ನೋಡಿ. ಇಳಿಸಬೇಕಾದ ಖರ್ಚು ಎಲ್ಲಿದೆ ಎಂದು ಅವನೇ ತೋರಿಸುತ್ತಾನೆ. ಅವನು ತೋರಿಸಿದ ಉಳಿತಾಯದಲ್ಲಿ ಅವನ ಪಾಲನ್ನು ಅವನಿಗೆ ಕೊಡಿ, ಹೇಳಿದ ದಿನಕ್ಕೆ ಕೊಡಿ. ನಿಮ್ಮ ಕಂಪನಿಗೆ ಆಪತ್ತು ಬಂದ ದಿನ ಆ ಶಾಪಿನವರು ಆರ್ಡರ್ ಕಾಗದಕ್ಕೆ ಕಾಯದೆ ಯಂತ್ರ ಶುರು ಮಾಡುತ್ತಾರೆ.